ಹತ್ತು ಮೆಗಾವ್ಯಾಟ್ ಬೆಳಕು: ಒಂದು ಕನ್ವರ್ಟರ್ ಆಪ್ ಜೊತೆ ಎಂಟು ತಿಂಗಳು

ಈ ಆಪ್‌ನ ಹೆಸರು ಬರೆಯುವುದಿಲ್ಲ. ಹೊಗಳುವುದಕ್ಕಿಂತ ಬೈಯುವುದೇ ಸ್ವಲ್ಪ ಜಾಸ್ತಿ ಇದೆ. ಒಂದು ಅಳತೆಯನ್ನು ಇನ್ನೊಂದಕ್ಕೆ ತಿರುಗಿಸುವ ಇಂಥ ಯೂನಿಟ್ ಕನ್ವರ್ಟರ್‌ಗಳು ಲೆಕ್ಕವಿಲ್ಲದಷ್ಟು ಸಿಗುತ್ತವೆ, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ನಿಮ್ಮ ಫೋನಿನಲ್ಲಿರುವುದು ಬೇರೆಯದೇ ಆದರೂ ಕೆಳಗೆ ಹೇಳುವುದರಲ್ಲಿ ಅರ್ಧ ಅದಕ್ಕೂ ಹೊಂದುತ್ತದೆ. ಒಮ್ಮೆ ತೆಗೆದು ನೋಡಿಕೊಳ್ಳಿ.

ನನ್ನ ಕೆಲಸ ಟೆಸ್ಟಿಂಗ್. ಮೊದಲ ಹನ್ನೊಂದು ವರ್ಷ ಫೈಬರ್ ಕೇಬಲ್ ಜೊತೆ ಕಳೆದೆ, ಗಾಜಿನ ಎಳೆಯಲ್ಲಿ ಬೆಳಕಿನ ರೂಪದಲ್ಲಿ ಮಾಹಿತಿ ಸಾಗಿಸುವ ಕೇಬಲ್ ಅದು. ತುದಿ ಸೀಳು, ಒರೆಸು, ಜೋಡಿಸು, ಪವರ್ ಮೀಟರ್ ಹಚ್ಚಿ ಬೆಳಕು ಎಷ್ಟು ಬರ್ತಿದೆ ನೋಡು. ಈಗ ನಾಲ್ಕು ವರ್ಷದಿಂದ ಸೋಲಾರ್ ಪ್ಲಾಂಟ್, ಇನ್ವರ್ಟರ್, ಪಂಪಿನ ಮೋಟರ್. ಹಳೆಯ ಕೆಲಸ ಪೂರ್ತಿ ಬಿಟ್ಟೂ ಇಲ್ಲ, ಯಾಕೆಂದರೆ ಪ್ಲಾಂಟಿನ ಮಾಹಿತಿ ಕಂಟ್ರೋಲ್ ರೂಮಿಗೆ ಹೋಗುವುದು ಫೈಬರ್‌ನಲ್ಲೇ. ಹಾಗಾಗಿ ಬೆಳಗ್ಗೆ 2 ಮೆಗಾವ್ಯಾಟ್ ಇನ್ವರ್ಟರ್ ಮುಂದೆ ನಿಂತವನು ಮಧ್ಯಾಹ್ನ 10 ಮೈಕ್ರೋವ್ಯಾಟ್ ಬೆಳಕಿನ ಮುಂದೆ ಕೂತಿರುತ್ತೇನೆ. ಎರಡಕ್ಕೂ ನಡುವೆ ಇಪ್ಪತ್ತು ಸಾವಿರ ಕೋಟಿ ಪಟ್ಟು ವ್ಯತ್ಯಾಸ. ಎರಡನ್ನೂ ಅಳೆಯುವುದು ವ್ಯಾಟ್‌ನಲ್ಲೇ. ತಲೆ ತಿರುಗದೆ ಇರುತ್ತಾ ಹೇಳಿ.

ಅದಕ್ಕೇ ಆಪ್ ಹಾಕಿಕೊಂಡೆ.

ತೆರೆದ ಕೂಡಲೇ ಅದು ನನ್ನ ಲೊಕೇಶನ್ ಕೇಳಿತು. ಕಿಲೋವ್ಯಾಟ್ ಎಲ್ಲಿ ನಿಂತು ಅಳೆದರೂ ಕಿಲೋವ್ಯಾಟೇ ಅಲ್ವಾ? ಕೊಡಲ್ಲ ಅಂದೆ. ಕೊಡದಿದ್ದರೂ ಕೆಲಸ ಮಾಡುತ್ತದೆ. ನೆಟ್ ಇಲ್ಲದಿದ್ದರೂ ಮಾಡುತ್ತದೆ, ಇದು ದೊಡ್ಡ ಪ್ಲಸ್ ಪಾಯಿಂಟ್. ಇನ್ವರ್ಟರ್ ರೂಮಿನಲ್ಲಿ ಸಿಗ್ನಲ್ ಸಿಗುವುದು ಅಪರೂಪ.

ಭಾಷೆ ಕನ್ನಡ ಅಂತ ಆರಿಸಿದೆ. ಉದ್ದ, ತೂಕ, ಉಷ್ಣತೆ, ವೇಗ ಎಲ್ಲ ಸರಿಯಾಗಿ ಬಂತು. ಪವರ್ ಎಲ್ಲಿ? ಮೇಲಿಂದ ಕೆಳಗೆ ಎರಡು ಸಲ ಜಾಲಾಡಿದೆ. ಇಲ್ಲ. ಮೂರನೇ ಸಲ ಪ್ಲಗ್ ಚಿತ್ರ ಕಣ್ಣಿಗೆ ಬಿತ್ತು. ಅದರ ಕೆಳಗೆ ಬರೆದಿತ್ತು: ಅಧಿಕಾರ.

ಹೌದು. ಪವರ್ ಅಂದರೆ ಅಧಿಕಾರ ಅಂತ ಯಾವುದೋ ಯಂತ್ರ ಅನುವಾದ ಮಾಡಿ ಕೈತೊಳೆದುಕೊಂಡಿದೆ. ಎಂಟು ತಿಂಗಳಿಂದ ನಾನು ಮೆಗಾವ್ಯಾಟನ್ನು ಅಧಿಕಾರದ ಕೆಳಗೆ ಹುಡುಕುತ್ತಿದ್ದೇನೆ. ಶಾಲೆ ಪುಸ್ತಕದಲ್ಲಿ ಇದಕ್ಕೆ ಸಾಮರ್ಥ್ಯ ಅನ್ನುತ್ತಾರೆ. ಎನರ್ಜಿಗೆ ಶಕ್ತಿ, ಫೋರ್ಸ್‌ಗೆ ಬಲ. ಮೂರೂ ಬೇರೆ ಬೇರೆ. ಸುಮ್ನೆ ಪವರ್ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದರೂ ನಡೀತಿತ್ತು, ಕೆಲಸದ ಜಾಗದಲ್ಲಿ ನಾವು ಹೇಳುವುದೂ ಅದನ್ನೇ.

ಒಳಗೆ ಹೋದ ಮೇಲೆ ಒಂದು ವಿಷಯ ನಿಜಕ್ಕೂ ಇಷ್ಟವಾಯಿತು. ಬೇರೆ ಆಪ್‌ಗಳಲ್ಲಿ ‘ಇದರಿಂದ’ ಅಂತ ಒಂದು ಬಾಕ್ಸ್, ‘ಇದಕ್ಕೆ’ ಅಂತ ಇನ್ನೊಂದು. ಪ್ರತಿ ಸಲ ಎರಡನ್ನೂ ಆರಿಸಬೇಕು. ಇದರಲ್ಲಿ ಹಾಗಲ್ಲ. ಒಂದು ಕಡೆ ಸಂಖ್ಯೆ ಒತ್ತಿದರೆ ಕೆಳಗೆ ಎಲ್ಲ ಯೂನಿಟ್‌ಗಳೂ ಸಾಲಾಗಿ ಒಟ್ಟಿಗೇ ಬದಲಾಗುತ್ತವೆ. ಕಿಲೋವ್ಯಾಟ್ ಮುಂದೆ 1 ಒತ್ತಿ. ವ್ಯಾಟ್ 1000 ಆಗುತ್ತದೆ, ಮಿಲಿವ್ಯಾಟ್ ಹತ್ತು ಲಕ್ಷ, ಮೆಗಾವ್ಯಾಟ್ 0.001. ಇನ್ನೂ ಕೆಳಗೆ ಇಳಿದರೆ ಮೆಟ್ರಿಕ್ ಹಾರ್ಸ್‌ಪವರ್ 1.3596. ಒಂದೇ ನೋಟಕ್ಕೆ ಇಡೀ ಏಣಿ ಕಾಣುತ್ತದೆ. ಯಾವ ಮೆಟ್ಟಿಲಲ್ಲಿ ಸಂಖ್ಯೆ ಓದಲು ಹಿತವಾಗಿದೆಯೋ ಅದನ್ನು ಎತ್ತಿಕೊಂಡರಾಯಿತು. ಈ ಒಂದೇ ಕಾರಣಕ್ಕೆ ಆಪ್ ಇನ್ನೂ ನನ್ನ ಫೋನಿನಲ್ಲಿದೆ.

ಏಣಿ ಅಂದೆನಲ್ಲ, ಅದನ್ನು ಮನೆಯಲ್ಲೇ ಒಮ್ಮೆ ಬಿಡಿಸಬೇಕಾಗಿ ಬಂತು. ಮಗಳು ಒಂಬತ್ತನೇ ಕ್ಲಾಸ್. ಒಂದು ಸಂಜೆ ನನ್ನ ಫೋನ್ ಕಸಿದುಕೊಂಡು ಹೋಮ್‌ವರ್ಕ್ ಉತ್ತರಗಳನ್ನು ಈ ಆಪ್‌ನಲ್ಲೇ ಒತ್ತುತ್ತಿದ್ದಳು. ಐದಕ್ಕೆ ಐದೂ ಸರಿ. ಆರನೆಯದಕ್ಕೆ ಬರುವ ಹೊತ್ತಿಗೆ ಕೇಳಿದಳು, “ಅಪ್ಪ, ದೊಡ್ಡ ಯೂನಿಟ್ಟಿಂದ ಚಿಕ್ಕದಕ್ಕೆ ಹೋಗ್ತಿದೀವಿ. ಮತ್ತೆ ಸಂಖ್ಯೆ ಯಾಕೆ ದೊಡ್ಡದಾಗುತ್ತೆ?”

ಒಳ್ಳೆಯ ಪ್ರಶ್ನೆ. ಆಪ್ ಇದಕ್ಕೆ ಉತ್ತರ ಕೊಡುವುದಿಲ್ಲ.

“ಒಂದು ಕೊಡ ನೀರನ್ನ ಚಮಚದಲ್ಲಿ ಅಳೆದು ನೋಡು. ಎಷ್ಟು ಚಮಚ ಬೇಕಾಗುತ್ತೆ?”

“ಸಾವಿರಾರು.”

“ನೀರು ಜಾಸ್ತಿ ಆಯ್ತಾ?”

“ಇಲ್ಲ. ಚಮಚ ಚಿಕ್ಕದು, ಅಷ್ಟೇ.”

ಅಷ್ಟೇ. ಹಾಳೆ ಹಿಂದೆ ಪೆನ್ಸಿಲಿನಲ್ಲಿ ಮೇಲಿಂದ ಕೆಳಗೆ ಬರೆದೆ: ಗಿಗಾ, ಮೆಗಾ, ಕಿಲೋ, ಬರೀ ವ್ಯಾಟ್, ಮಿಲಿ, ಮೈಕ್ರೋ, ನ್ಯಾನೋ. ಏಳು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಸಾವಿರ, ಅಂದರೆ ದಶಮಾಂಶದ ಚುಕ್ಕೆ ಮೂರು ಮನೆ ಸರಿಯುತ್ತದೆ. ಇಳಿಯುವಾಗ ಬಲಕ್ಕೆ, ಹತ್ತುವಾಗ ಎಡಕ್ಕೆ. ಮೆಗಾದಿಂದ ಮಿಲಿಗೆ ಮೂರು ಮೆಟ್ಟಿಲು, ಒಂಬತ್ತು ಮನೆ. ಒಂದು ಮೆಗಾವ್ಯಾಟ್ ಅಂದರೆ ನೂರು ಕೋಟಿ ಮಿಲಿವ್ಯಾಟ್. ಅವಳು ಆಮೇಲಿನ ನಾಲ್ಕನ್ನು ಫೋನ್ ಮುಟ್ಟದೆ ಮಾಡಿದಳು. ಐದನೆಯದರಲ್ಲಿ ಒಂದು ಮೆಟ್ಟಿಲು ಹಾರಿ ಬಿದ್ದಳು, ಅದು ಬೇರೆ ಮಾತು.

ಇಲ್ಲಿ ಒಂದು ಚಿಕ್ಕ ತೊಡಕಿದೆ, ನಮ್ಮ ಎಣಿಕೆಯದು. ನಾವು ಸಾವಿರ ಆದ ಮೇಲೆ ಎರಡೆರಡು ಸೊನ್ನೆಗೆ ಹೆಸರು ಇಡುತ್ತೇವೆ. ಸಾವಿರ, ಲಕ್ಷ, ಕೋಟಿ. ಮೆಟ್ರಿಕ್ ಏಣಿ ಮೂರು ಮೂರಕ್ಕೆ ಹತ್ತುತ್ತದೆ. ಎರಡೂ ಒಂದಕ್ಕೊಂದು ಕೂಡಿಬರುವುದಿಲ್ಲ. ಮೆಗಾ ಅಂದರೆ ಹತ್ತು ಲಕ್ಷ, ಗಿಗಾ ಅಂದರೆ ನೂರು ಕೋಟಿ, ಟೆರಾ ಅಂದರೆ ಲಕ್ಷ ಕೋಟಿ. ಬಾಯಿಪಾಠ ಮಾಡಿಕೊಳ್ಳಬಹುದು, ಆದರೆ ಅಲ್ಪವಿರಾಮ ಲಕ್ಷ ಕೋಟಿಯ ಜಾಗದಲ್ಲಿ ಬಿದ್ದರೆ ಮೆಟ್ಟಿಲು ಎಣಿಸುವುದು ಕಷ್ಟ. ಆಪ್‌ನಲ್ಲಿ ಅಂಕಿ ಗುಂಪು ಮಾಡುವ ರೀತಿ ಬದಲಾಯಿಸಬಹುದು. ಮೂರು ಮೂರರ ಗುಂಪಿಗೆ ಹಾಕಿಕೊಳ್ಳಿ. ಒಂದು ಅಲ್ಪವಿರಾಮಕ್ಕೆ ಒಂದು ಮೆಟ್ಟಿಲು, ಎಣಿಸಿದರೆ ಆಯ್ತು.

ಈ ಸೆಟ್ಟಿಂಗ್ ಮೊದಲಿಗೆ ಇರುವುದಿಲ್ಲ. ಮೊದಲಿಗೆ ಇರುವುದು ಯಾರಿಗೂ ಬೇಡದ ರೂಪ. 1 ಮೆಗಾವ್ಯಾಟನ್ನು ಮಿಲಿವ್ಯಾಟಿಗೆ ತಿರುಗಿಸಿದಾಗ ಬಂದ ಉತ್ತರ ಹೀಗಿತ್ತು: ಒಂದು, ಆಮೇಲೆ ಇಂಗ್ಲಿಷಿನ ಇ, ಒಂದು ಪ್ಲಸ್ ಗುರುತು, ಸೊನ್ನೆ, ಒಂಬತ್ತು. ಒಂದರ ಮುಂದೆ ಒಂಬತ್ತು ಸೊನ್ನೆ ಅಂತ ಅರ್ಥ. ನನಗೆ ಗೊತ್ತು. ನಮ್ಮ ಹೊಸ ಹುಡುಗನಿಗೆ ಗೊತ್ತಿರಲಿಲ್ಲ. “ಸಾರ್, ಆಪ್ ಎರರ್ ತೋರಿಸ್ತಿದೆ” ಅಂತ ಫೋನ್ ತಂದು ಕೊಟ್ಟ. ಇ ಅಂದರೆ ಎರರ್ ಅಂದುಕೊಂಡಿದ್ದ. ಅವನದ್ದೇನೂ ತಪ್ಪಿಲ್ಲ ಬಿಡಿ.

ಇನ್ನೊಂದು ದಿನ 1.005 ಕಿಲೋವ್ಯಾಟ್ ಒತ್ತಿದೆ. ವ್ಯಾಟ್ ಎಷ್ಟು? 1005. ಮೂರು ಮನೆ ಸರಿಸಿದರೆ ಮುಗೀತು. ಆಪ್ ತೋರಿಸಿದ್ದು 1004.9999999999999. ಇದರ ಕಾರಣ ತಮಾಷೆಯಾಗಿದೆ. ಕಂಪ್ಯೂಟರ್ ಲೆಕ್ಕ ಇಡುವುದು ಬರೀ ಸೊನ್ನೆ ಮತ್ತು ಒಂದು ಬಳಸುವ ಎರಡರ ಪದ್ಧತಿಯಲ್ಲಿ. ಅದರಲ್ಲಿ 1.005 ಅನ್ನು ಪೂರ್ತಿ ನಿಖರವಾಗಿ ಬರೆಯಲು ಬರುವುದಿಲ್ಲ, ನಾವು ಮೂರನೇ ಒಂದು ಭಾಗವನ್ನು 0.333 ಅಂತ ಬರೆಯುತ್ತಾ ಹೋದ ಹಾಗೆ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಕತ್ತರಿಸಿದ ಚೂರು ಸಾವಿರದಿಂದ ಗುಣಿಸಿದಾಗ ಹೊರಗೆ ಇಣುಕುತ್ತದೆ. ವ್ಯತ್ಯಾಸ ಏನೇನೂ ಅಲ್ಲ. ಆದರೆ ಉತ್ತರ ತೋರಿಸುವ ಮೊದಲು ಒಂದಷ್ಟು ಮನೆಗೆ ದುಂಡು ಮಾಡುವುದು ಆಪ್ ಬರೆದವರ ಕೆಲಸ. ಬರೀ ಚುಕ್ಕೆ ಸರಿಸಬೇಕಾದ ಜಾಗದಲ್ಲಿ ಇಷ್ಟುದ್ದ ಒಂಬತ್ತರ ಬಾಲ ನೋಡಿದರೆ ನಂಬಿಕೆ ಹೋಗುತ್ತದೆ.

ಸರಿ ಅಂತ ಸೆಟ್ಟಿಂಗ್‌ಗೆ ಹೋಗಿ ಚುಕ್ಕೆ ಆದ ಮೇಲೆ ನಾಲ್ಕೇ ಮನೆ ಸಾಕು ಅಂತ ಮಾಡಿದೆ. ಬಾಲ ಹೋಯಿತು. ಅದರ ಜೊತೆ ನನ್ನ ಬೆಳಕೂ ಹೋಯಿತು.

ಹೇಗೆ ಅಂದರೆ, ಫೈಬರ್ ಕೆಲಸದಲ್ಲಿ ನಾವು ವ್ಯಾಟ್ ಅನ್ನುವುದೇ ಕಡಿಮೆ. ಡಿಬಿಎಂ ಅನ್ನುತ್ತೇವೆ. 1 ಮಿಲಿವ್ಯಾಟನ್ನು ಸೊನ್ನೆ ಅಂತ ಇಟ್ಟುಕೊಂಡು ಅಲ್ಲಿಂದ ಮೇಲೆ ಕೆಳಗೆ ಎಣಿಸುವ ಅಳತೆ ಅದು. ಹತ್ತು ಹೆಚ್ಚಾದರೆ ಪವರ್ ಹತ್ತು ಪಟ್ಟು, ಹತ್ತು ಕಡಿಮೆಯಾದರೆ ಹತ್ತನೇ ಒಂದು. ಮೂರು ಹೆಚ್ಚಾದರೆ ಹೆಚ್ಚು ಕಮ್ಮಿ ಎರಡು ಪಟ್ಟು. ಹಾಗಾಗಿ ಮೈನಸ್ 20 ಅಂದರೆ ಮಿಲಿವ್ಯಾಟಿನ ನೂರನೇ ಒಂದು ಭಾಗ, 10 ಮೈಕ್ರೋವ್ಯಾಟ್. ಕೇಳಲು ಇಷ್ಟೇನಾ ಅನ್ನಿಸುತ್ತದೆ. ಆದರೆ ಫೈಬರ್ ತುದಿಯ ರಿಸೀವರ್‌ಗೆ ಅದು ಧಾರಾಳ.

ನಾಲ್ಕು ಮನೆಯ ಸೆಟ್ಟಿಂಗ್‌ನಲ್ಲಿ ಮೈನಸ್ 20 ಡಿಬಿಎಂ ಒತ್ತಿ ವ್ಯಾಟ್ ಸಾಲು ನೋಡಿದೆ. 0.0000. ಬೆಳಕೇ ಇಲ್ಲ! ಲಿಂಕ್ ಚೆನ್ನಾಗಿ ಓಡುತ್ತಿದೆ, ಎದುರಿಗೆ ಹಸಿರು ದೀಪ ಮಿನುಗುತ್ತಿದೆ, ಆಪ್ ಪ್ರಕಾರ ಸೊನ್ನೆ. 0.00001 ವ್ಯಾಟ್ ಅನ್ನುವುದು ಐದನೇ ಮನೆಯಲ್ಲಿ ಶುರುವಾಗುತ್ತದೆ, ನಾಲ್ಕಕ್ಕೆ ಬಾಗಿಲು ಹಾಕಿದರೆ ಹೊರಗೇ ನಿಲ್ಲುತ್ತದೆ. ಇಂಥ ಕಡೆ ಕನಿಷ್ಠ ‘ತುಂಬಾ ಚಿಕ್ಕದು, ಮೈಕ್ರೋ ನೋಡಿ’ ಅಂತಾದರೂ ಹೇಳಬೇಕು. ಸೊನ್ನೆ ಅಂತ ಹೇಳುವುದು ಸುಳ್ಳು. ಜಿಪಿಎಸ್ ಸಿಗ್ನಲ್ ನಮ್ಮ ಫೋನಿಗೆ ಬರುವ ಹೊತ್ತಿಗೆ ಸುಮಾರು ಮೈನಸ್ 130 ಡಿಬಿಎಂ ಇರುತ್ತದೆ. ವ್ಯಾಟ್‌ನಲ್ಲಿ ಬರೆದರೆ ಚುಕ್ಕೆ ಆದ ಮೇಲೆ ಹದಿನೈದು ಸೊನ್ನೆ, ಆಮೇಲೆ ಒಂದು. ಅಷ್ಟರಲ್ಲೇ ಫೋನು ನಾವಿರುವ ಜಾಗ ಹೇಳುತ್ತದೆ. ಮೊದಲ ದಿನ ಈ ಆಪ್ ನನ್ನ ಲೊಕೇಶನ್ ಕೇಳಿತ್ತಲ್ಲ, ಅದನ್ನು ತಂದುಕೊಡುವ ಸಿಗ್ನಲ್ಲೂ ಇದರ ಲೆಕ್ಕದಲ್ಲಿ ಸೊನ್ನೆಯೇ.

ಅಂದಹಾಗೆ ಮೈನಸ್ ಒತ್ತುವ ಗುಂಡಿ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಅಂಕಿಗಳ ಹಲಗೆಯಲ್ಲಿ ಅದು ಇಲ್ಲ. ಸೊನ್ನೆಯನ್ನು ಒತ್ತಿ ಹಿಡಿದರೆ ಮೈನಸ್ ಬರುತ್ತದೆ. ಎಲ್ಲಿಯೂ ಬರೆದಿಲ್ಲ. ಜೇಬಿನಲ್ಲಿದ್ದಾಗ ಬೆರಳು ತಾಗಿ ಗೊತ್ತಾದದ್ದು. ಆದರೆ ಒಮ್ಮೆ ಒಳಗೆ ಹೋದ ಮೇಲೆ ಡಿಬಿಎಂ ಲೆಕ್ಕ ಸರಿಯಾಗಿ ಮಾಡುತ್ತದೆ, ಅದನ್ನು ಹೇಳಲೇಬೇಕು. ಉಳಿದದ್ದೆಲ್ಲ ಬರೀ ಗುಣಾಕಾರ, ಇದಕ್ಕೆ ಲಾಗ್, ಅಂದರೆ ಗಣಿತದ ಲಾಗರಿದಮ್ ಬೇಕು. ಮೈನಸ್ 27 ಕೊಟ್ಟರೆ 1.995 ಮೈಕ್ರೋವ್ಯಾಟ್ ಅಂತ ಕರೆಕ್ಟಾಗಿ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಮಾನ ಹೋದ ವಿಷಯ.

ಆಪ್‌ನಲ್ಲಿ ‘ಹಂಚಿಕೊಳ್ಳಿ’ ಅಂತ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಅವತ್ತು ಮಾಡಿದ ಲೆಕ್ಕವೆಲ್ಲ ಪಟ್ಟಿಯಾಗಿ ಬರುತ್ತದೆ, ವರದಿಗೆ ಅಂಟಿಸಬಹುದು. ನೋಡಲು ಅಚ್ಚುಕಟ್ಟು. ಯೂನಿಟ್‌ಗಳ ಗುರುತೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರುತ್ತವೆ, ಯಾಕೆಂದರೆ ಯಾರೋ ಡಿಸೈನರ್‌ಗೆ ಹಾಗೆ ಚಂದ ಕಂಡಿದೆ.

ಇಲ್ಲೇ ಎಡವಟ್ಟು. ಮೆಗಾದ ಗುರುತು ದೊಡ್ಡ ಎಂ. ಮಿಲಿಯ ಗುರುತು ಚಿಕ್ಕ ಎಂ. ಎಲ್ಲವನ್ನೂ ದೊಡ್ಡದು ಮಾಡಿದರೆ ಮಿಲಿವ್ಯಾಟು ಮೆಗಾವ್ಯಾಟಾಗುತ್ತದೆ. ಇದು ಅನೇಕರಿಗೆ ಗೊತ್ತಿರುವ ತಪ್ಪು, ನನಗೂ ಗೊತ್ತಿತ್ತು. ಅದಕ್ಕೇ ಮಿಲಿ ಸಾಲುಗಳನ್ನು ಕೈಯಲ್ಲಿ ತಿದ್ದಿದೆ. ಮೈಕ್ರೋ ಕಡೆ ನೋಡಲೇ ಇಲ್ಲ. ಮೈಕ್ರೋದ ಗುರುತು ಗ್ರೀಕ್ ಅಕ್ಷರ ಮ್ಯೂ, ಎಡಗಡೆ ಬಾಲ ಇಳಿಬಿಟ್ಟ ಯು ತರಹದ್ದು. ಅದಕ್ಕೂ ಎಂಗೂ ಏನು ಸಂಬಂಧ ಅಂತ ನೆಮ್ಮದಿಯಾಗಿದ್ದೆ.

ಸಂಬಂಧ ಇದೆ. ಗ್ರೀಕ್‌ನಲ್ಲೂ ಪ್ರತಿ ಅಕ್ಷರಕ್ಕೆ ಚಿಕ್ಕ ರೂಪ, ದೊಡ್ಡ ರೂಪ ಅಂತ ಇದೆ. ಮ್ಯೂನ ದೊಡ್ಡ ರೂಪ ನೋಡಲು ಇಂಗ್ಲಿಷಿನ ದೊಡ್ಡ ಎಂ ತರಹವೇ, ಒಂದು ಗೆರೆ ಆಚೆ ಈಚೆ ಇಲ್ಲ. ಕಂಪ್ಯೂಟರ್‌ಗೆ ‘ಎಲ್ಲ ದೊಡ್ಡಕ್ಷರ ಮಾಡು’ ಅಂದರೆ ಅದು ವಿಧೇಯವಾಗಿ ಮ್ಯೂವನ್ನೂ ದೊಡ್ಡದು ಮಾಡುತ್ತದೆ. ಮೈಕ್ರೋವ್ಯಾಟ್ ಮೆಗಾವ್ಯಾಟಿನ ವೇಷ ಹಾಕಿಕೊಂಡು ನಿಲ್ಲುತ್ತದೆ. ಮೆಗಾ ಮತ್ತು ಮೈಕ್ರೋ ಎರಡನ್ನೂ 1873ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಸಮಿತಿ ಒಟ್ಟಿಗೇ ಬಳಕೆಗೆ ತಂದಿತು. ಅವಳಿ ಮಕ್ಕಳು. ಒಂದೇ ಅಂಗಿ ತೊಡಿಸಿದರೆ ಗುರುತು ಸಿಗುವುದು ಹೇಗೆ?

ವರದಿ ಹೋಯಿತು. ಅದು ಸೋಲಾರ್ ಪ್ಲಾಂಟಿನ ವರದಿ, ಮೇಲೆ ಕೆಳಗೆ ಎಲ್ಲ ಮೆಗಾವ್ಯಾಟೇ. ಮಧ್ಯದಲ್ಲಿ ಇನ್ನೊಂದು ಮೆಗಾವ್ಯಾಟ್ ಕೂತಿದ್ದು ನನ್ನ ಕಣ್ಣಿಗೆ ಹೊಡೆಯಲಿಲ್ಲ. ಮರುದಿನ ಬೆಳಗ್ಗೆ ನಮ್ಮ ಸೀನಿಯರ್ ಫೋನ್.

“ಏನಪ್ಪಾ, ಹನ್ನೆರಡನೇ ಪುಟ ತೆಗಿ.”

“ತೆಗೆದೆ ಸಾರ್. ಫೈಬರ್ ಟೇಬಲ್.”

“ಎಷ್ಟು ಬೆಳಕು ಬರ್ತಿದೆ ಅಂತ ಬರ್ದಿದೀಯ?”

“ಹತ್ತು ಮೈಕ್ರೋ ಸಾರ್.”

“ಮೈಕ್ರೋ ಎಲ್ಲಿದೆಯಪ್ಪಾ? ಹತ್ತು ಮೆಗಾವ್ಯಾಟ್ ಅಂತಿದೆ. ಕೂದಲೆಳೆಯಷ್ಟು ಗಾಜಿನಲ್ಲಿ ಹತ್ತು ಮೆಗಾವ್ಯಾಟ್ ಬಿಟ್ಟಿದೀಯ. ನಮ್ಮ ಪ್ಲಾಂಟಿನ ಒಟ್ಟು ಉತ್ಪಾದನೆಯೇ ಎಂಟು. ಉಳಿದ ಎರಡು ಎಲ್ಲಿಂದ ತಂದೆ?”

ನಾನು ಮಾತಾಡಲಿಲ್ಲ. ಮಾತಾಡಲು ಏನಿತ್ತು? ಲಕ್ಷ ಕೋಟಿ ಪಟ್ಟು ತಪ್ಪು. ಸಂಬಳದಲ್ಲಿ ಇಂಥ ತಪ್ಪು ಆಗಬಾರದಿತ್ತಾ ಅಂತ ಅನ್ನಿಸಿತು. ಅವರು ನಕ್ಕರು ಅನ್ನುವುದೇ ಪುಣ್ಯ. ವರದಿ ಹೊರಗೆ ಹೋಗುವ ಮೊದಲು ಸಿಕ್ಕಿತು. ಆದರೆ ಇವತ್ತಿಗೂ ಕಂಟ್ರೋಲ್ ರೂಮಿಗೆ ಹೋದರೆ ಯಾರಾದರೂ ಒಬ್ಬರು “ಬಂದ್ರಪ್ಪಾ ಹತ್ತು ಮೆಗಾವ್ಯಾಟ್” ಅನ್ನುತ್ತಾರೆ.

ತಪ್ಪು ನನ್ನದೂ ಹೌದು, ಒಪ್ಪಿಕೊಂಡೆ. ಆದರೆ ಯೂನಿಟ್ ಬದಲಾಯಿಸುವುದನ್ನೇ ಕಸುಬು ಮಾಡಿಕೊಂಡ ಆಪ್‌ಗೆ ಅಕ್ಷರದ ಗಾತ್ರ ಅಲಂಕಾರ ಅಲ್ಲ ಅಂತ ಗೊತ್ತಿರಬೇಕಲ್ಲ? ವ್ಯಾಟ್‌ಗೆ ದೊಡ್ಡ ಡಬ್ಲ್ಯೂ ಯಾಕೆ ಅಂದರೆ ಅದು ಜೇಮ್ಸ್ ವ್ಯಾಟ್ ಹೆಸರಿನಿಂದ ಬಂದದ್ದು. 1882ರಲ್ಲಿ ಎಂಜಿನಿಯರ್ ವಿಲಿಯಂ ಸೀಮೆನ್ಸ್ ಆ ಹೆಸರು ಸೂಚಿಸಿದ. ಕಿಲೋಗೆ ಚಿಕ್ಕ ಕೆ, ದೊಡ್ಡ ಕೆ ಉಷ್ಣತೆಯ ಕೆಲ್ವಿನ್‌ಗೆ ಹೋಗಿದೆ. ಒಂದೊಂದು ಅಕ್ಷರವೂ ಒಂದೊಂದು ಅಳತೆ. ನಮ್ಮ ಲಿಪಿಯಲ್ಲಿ ಈ ದೊಡ್ಡದು ಚಿಕ್ಕದು ಅನ್ನುವ ಜಗಳವೇ ಇಲ್ಲ. ‘ಮೆ.ವಾ.’, ‘ಮಿ.ವಾ.’, ‘ಮೈ.ವಾ.’ ಅಂತ ಬರೆದರೆ ಎಷ್ಟು ದೊಡ್ಡದು ಮಾಡಿದರೂ ಒಂದು ಇನ್ನೊಂದಾಗುವುದಿಲ್ಲ. ಆಪ್‌ನಲ್ಲಿ ಭಾಷೆ ಕನ್ನಡ ಇಟ್ಟರೂ ಗುರುತು ಮಾತ್ರ ಇಂಗ್ಲಿಷ್‌ನಲ್ಲೇ ಬರುತ್ತದೆ. ಈಗ ನಾನು ವರದಿಯಲ್ಲಿ ಗುರುತು ಹಾಕುವುದನ್ನೇ ಬಿಟ್ಟು ಪೂರ್ತಿ ಪದ ಬರೆಯುತ್ತೇನೆ. ಎರಡು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ.

ಹುಡುಕುವ ಬಾಕ್ಸ್‌ಗೂ ಇದೇ ಕಾಯಿಲೆ. ಚಿಕ್ಕ ಎಂ ಒತ್ತಿದರೂ ದೊಡ್ಡ ಎಂ ಒತ್ತಿದರೂ ಮೊದಲು ಮೆಗಾವ್ಯಾಟನ್ನೇ ತಂದು ನಿಲ್ಲಿಸುತ್ತದೆ.

ಇನ್ನು ಹಾರ್ಸ್‌ಪವರ್. ಚುಕ್ಕೆ ಸರಿಸಿದರೆ ಬರುವ ಲೆಕ್ಕ ಅಲ್ಲ ಇದು, ಹಾಗಾಗಿ ಇಲ್ಲಿ ಆಪ್ ಬೇಕೇ ಬೇಕು. ಕುದುರೆಗಳಲ್ಲಿ ಎರಡು ಜಾತಿ. ಮೆಟ್ರಿಕ್ ಕುದುರೆ 75 ಕಿಲೋ ತೂಕವನ್ನು ಒಂದು ಸೆಕೆಂಡಿಗೆ ಒಂದು ಮೀಟರ್ ಎತ್ತುತ್ತದೆ, 735.5 ವ್ಯಾಟ್. ಜೇಮ್ಸ್ ವ್ಯಾಟ್‌ನ ಕುದುರೆ ಸ್ವಲ್ಪ ಗಟ್ಟಿ, 745.7 ವ್ಯಾಟ್. ಈ ಆಪ್ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ, ಅದಕ್ಕೆ ಒಂದು ಚಪ್ಪಾಳೆ. ಬೇರೆ ಕೆಲವು ಆಪ್‌ಗಳಲ್ಲಿ ಯಾವ ಕುದುರೆ ಅಂತಲೇ ಹೇಳುವುದಿಲ್ಲ. 5 ಹಾರ್ಸ್‌ಪವರ್ ಅಂತ ಒತ್ತಿದರೆ ಒಂದು ಕಡೆ 3.677 ಕಿಲೋವ್ಯಾಟ್, ಇನ್ನೊಂದು ಕಡೆ 3.728. ಮೋಟರ್ ಮೇಲಿನ ಫಲಕದಲ್ಲಿ 3.7 ಅಂತ ಬರೆದು ಮುಗಿಸಿರುತ್ತಾರೆ. ಸಾಕು ಅಷ್ಟು. ಆದರೆ ಒಂದು ಮಾತು ನೆನಪಿರಲಿ, ಫಲಕದ ಮೇಲಿನ 3.7 ಮೋಟರಿನ ಶಾಫ್ಟ್ ಕೊಡುವ ಪವರ್. ಮೋಟರ್ ದಕ್ಷತೆ ನೂರಕ್ಕೆ 88 ಇದ್ದರೆ ಅದು ಎಳೆದುಕೊಳ್ಳುವುದು 4.2 ಕಿಲೋವ್ಯಾಟ್. ಕೇಬಲ್ ಆರಿಸುವಾಗ ನೋಡಬೇಕಾದದ್ದು ಎರಡನೆಯದನ್ನು. ಯಾವ ಕನ್ವರ್ಟರೂ ಇದನ್ನು ಹೇಳಿಕೊಡುವುದಿಲ್ಲ, ಹೇಳಬೇಕು ಅಂತಲೂ ನನ್ನ ತಕರಾರಿಲ್ಲ.

ಪಟ್ಟಿ ಮಾತ್ರ ಅತಿ ಉದ್ದ. ಹೆಕ್ಟೋವ್ಯಾಟ್, ಡೆಕಾವ್ಯಾಟ್, ಡೆಸಿವ್ಯಾಟ್, ಸೆಂಟಿವ್ಯಾಟ್. ಹದಿನೈದು ವರ್ಷದಲ್ಲಿ ಒಬ್ಬನ ಬಾಯಲ್ಲೂ ನಾನು ಹೆಕ್ಟೋವ್ಯಾಟ್ ಕೇಳಿಲ್ಲ. ಬೇಡದ್ದನ್ನು ಮುಚ್ಚಿಡುವ ಸೌಲಭ್ಯ ಇಲ್ಲ. ಕಿಲೋದಿಂದ ಮಿಲಿಗೆ ಹೋಗಲು ಈ ನಾಲ್ಕನ್ನೂ ದಾಟಬೇಕು. ದಾಟುವಾಗ ಹೆಬ್ಬೆರಳು ಜಾರಿದರೆ ಕೆಳಗೆ ಜಾಹೀರಾತು, ಅದು ಇನ್ನೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಹೋಗಲಿ ಅಂದರೆ ಮೇಲಿನ ತುದಿ ಅರ್ಧಕ್ಕೇ ನಿಂತಿದೆ. 2022ರಲ್ಲಿ ಮೆಟ್ರಿಕ್ ಏಣಿಗೆ ಹೊಸದಾಗಿ ಸೇರಿದ ಮೆಟ್ಟಿಲುಗಳಾದ ರೋನ್ನಾ, ಕ್ವೆಟ್ಟಾ ಇದರಲ್ಲಿ ಇಲ್ಲ, ಯೊಟ್ಟಾಕ್ಕೆ (ಒಂದರ ಮುಂದೆ 24 ಸೊನ್ನೆ) ಮುಗಿಯುತ್ತದೆ. ನನಗೇನೂ ನಷ್ಟವಿಲ್ಲ. ಸೂರ್ಯನ ಒಟ್ಟು ಪವರ್ ಕೂಡ ಸುಮಾರು 383 ಯೊಟ್ಟಾವ್ಯಾಟ್, ಅಲ್ಲಿಯವರೆಗೆ ಈ ಆಪ್ ಸಾಕಾಗುತ್ತದೆ.

ಕಿಲೋವ್ಯಾಟ್ ಅವರ್ ಬೇರೆ ಖಾನೆಯಲ್ಲಿದೆ, ಅದು ಸರಿ. ಕಿಲೋವ್ಯಾಟ್ ಎಷ್ಟು ಜೋರಾಗಿ ಎಳೀತಿದೆ ಅನ್ನುವುದು, ಕಿಲೋವ್ಯಾಟ್ ಅವರ್ ಒಟ್ಟು ಎಷ್ಟು ಎಳೆಯಿತು ಅನ್ನುವುದು. 2 ಕಿಲೋವ್ಯಾಟ್ ಕೆಟಲ್ ಅರ್ಧ ಗಂಟೆ ಉರಿದರೆ 1 ಕಿಲೋವ್ಯಾಟ್ ಅವರ್. ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಬರುವುದಿಲ್ಲ, ಹೊತ್ತು ಎಷ್ಟು ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದ ಆಪ್ ಒಂದನ್ನು ನೋಡಿದ್ದೆ, ಅವತ್ತೇ ಅಳಿಸಿದೆ.

ಈಗ ನಾನು ಇದನ್ನು ಬಳಸುವ ರೀತಿ ಹೀಗಿದೆ. ಮೆಗಾ, ಕಿಲೋ, ಮಿಲಿ ಎಲ್ಲ ಬೆರಳಲ್ಲೇ, ಆಪ್ ತೆಗೆಯುವುದಿಲ್ಲ. ಡಿಬಿಎಂ ಮತ್ತು ಕುದುರೆಗೆ ಮಾತ್ರ ತೆಗೆಯುತ್ತೇನೆ. ಉತ್ತರ ಬಂದ ಮೇಲೆ ಗೊತ್ತಿರುವ ಯಾವುದಾದರೂ ಒಂದು ವಸ್ತುವಿನ ಪಕ್ಕ ಇಟ್ಟು ನೋಡುತ್ತೇನೆ. ಕೈಗಡಿಯಾರ ಒಂದೆರಡು ಮೈಕ್ರೋವ್ಯಾಟ್. ಮೀಟಿಂಗ್‌ನಲ್ಲಿ ತೋರಿಸುವ ಲೇಸರ್ ಕಡ್ಡಿ 5 ಮಿಲಿವ್ಯಾಟಿಗಿಂತ ಕಡಿಮೆ. ಎಲ್‌ಇಡಿ ಬಲ್ಬು 9 ವ್ಯಾಟ್. ಸುಮ್ನೆ ಕೂತ ಮನುಷ್ಯ ಹತ್ತಿರ ಹತ್ತಿರ 100 ವ್ಯಾಟ್. ದೊಡ್ಡ ಗಾಳಿಯಂತ್ರ ಎರಡು ಮೂರು ಮೆಗಾವ್ಯಾಟ್. ಫೈಬರ್ ತುದಿಯ ಬೆಳಕು ಗಾಳಿಯಂತ್ರದ ಪಕ್ಕ ಹೋಗಿ ನಿಂತರೆ ಎಲ್ಲೋ ಎಡವಿದ್ದೇನೆ ಅಂತ ಗೊತ್ತಾಗುತ್ತದೆ. ಹನ್ನೆರಡನೇ ಪುಟ ಕಳಿಸುವ ಮೊದಲು ಇದನ್ನು ಮಾಡಿದ್ದರೆ ಹೆಸರು ಬೀಳುತ್ತಿರಲಿಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಒಟ್ಟಿಗೆ ಕಾಣುವ ಪಟ್ಟಿಗೆ ಒಂದೂವರೆ, ಎರಡು ಜಾತಿ ಕುದುರೆಗೆ ಅರ್ಧ, ನೆಟ್ ಇಲ್ಲದೆ ನಡೆಯುವುದಕ್ಕೆ ಒಂದು. ದೊಡ್ಡಕ್ಷರದ ಚಟ ಬಿಟ್ಟರೆ ಇನ್ನೊಂದು ಕೊಡುತ್ತಿದ್ದೆ.

ತಯಾರಿಸಿದವರಿಗೆ ಇದನ್ನೆಲ್ಲ ಬರೆದು ಕಳಿಸಿದ್ದೆ. ಮೂರು ವಾರ ಬಿಟ್ಟು ಉತ್ತರ ಬಂತು, ಮುಂದಿನ ಅಪ್‌ಡೇಟ್‌ನಲ್ಲಿ ಸರಿ ಮಾಡುತ್ತೇವೆ ಅಂತ. ಹೋದ ವಾರ ಅಪ್‌ಡೇಟ್ ಬಂತು. ಹಂಚಿಕೊಳ್ಳುವ ಪಟ್ಟಿ ಇನ್ನೂ ದೊಡ್ಡಕ್ಷರದಲ್ಲೇ ಇದೆ. ಸೊನ್ನೆ ಇನ್ನೂ ಸೊನ್ನೆಯೇ. ಆದರೆ ಅಧಿಕಾರ ಹೋಗಿದೆ. ಪ್ಲಗ್ ಚಿತ್ರದ ಕೆಳಗೆ ಈಗ ‘ಶಕ್ತಿ’ ಅಂತ ಬರೆದಿದೆ. ಅದರ ಪಕ್ಕದಲ್ಲೇ ಕಿಲೋವ್ಯಾಟ್ ಅವರ್ ಇರುವ ಖಾನೆ, ಅದರ ಕೆಳಗೆ ಮೊದಲಿಂದಲೂ ಇರುವುದು ‘ಶಕ್ತಿ’.